ಮೈ ತೊಳೆದ ನಾಯಿ ಮೊದಲು ಉಣ್ಣಬೇಕು

ಪ್ರತಿ ವರ್ಷ ಚಂಪಾ ಷಷ್ಠಿಯ ದಿನ ಅಡಿಗೆಮನೆಯಿಂದ ಬದನೆಕಾಯಿ ಸುಡುವ ವಾಸನೆ ಬಂದ ಕೂಡಲೇ ನನಗೂ ನನ್ನ ಹೆಂಡತಿಗೂ ಒಂದು ಜಗಳ ಶುರುವಾಗುತ್ತದೆ. ಜಗಳ ಒಂದು ನಾಯಿಯ ಬಗ್ಗೆ. ಆ ನಾಯಿ ಸತ್ತು ಎಷ್ಟೋ ಕಾಲವಾಯಿತು. ಅದು ನಮ್ಮ ನಾಯಿಯೂ ಆಗಿರಲಿಲ್ಲ. ಕಮಲಾಪುರದಲ್ಲಿ, ಆಕೆಯ ತವರಿನ ಹಿತ್ತಲಲ್ಲಿ, ಅದು ತಟ್ಟೆಗೆ ಬಾಯಿ ಹಾಕಿದ ಗಳಿಗೆಯಲ್ಲಿ ಅದರ ಮೈ ಹಳದಿಯಾಗಿತ್ತೋ ಕೆಂಪಗಿತ್ತೋ ಎಂಬುದು ಪ್ರಶ್ನೆ. ಹಳದಿಯಾಗಿತ್ತು, ನಾನು ಕಣ್ಣಾರೆ ಕಂಡಿದ್ದೇನೆ ಎನ್ನುತ್ತಾಳೆ ಆಕೆ. ಯಾರೂ ಕಂಡಿಲ್ಲ, ಕಾಣುವುದು ಸಾಧ್ಯವೇ ಇರಲಿಲ್ಲ ಎನ್ನುತ್ತೇನೆ ನಾನು. ನಿಜ ಹೇಳಬೇಕೆಂದರೆ ಅದು ಬಿಳಿ ನಾಯಿ.

ನಾಯಿಗಳ ಸ್ನಾನದ ವಿಷಯದಲ್ಲಿ ನನಗೆ ಅಷ್ಟಿಷ್ಟು ತಿಳಿದಿದೆ ಎಂಬ ನಂಬಿಕೆ ಆ ಕಾಲದಲ್ಲಿ ನನಗಿತ್ತು. ಪುಣೆಯಲ್ಲಿ ರಸಾಯನಶಾಸ್ತ್ರ ಓದಿ ಬಂದು ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಒಂದು ಮಾಳಿಗೆಯ ಕೋಣೆ ಹಿಡಿದಿದ್ದೆ. ಕೆಲವು ದಿನ ಮಾಸ್ತರಿಕೆ ಮಾಡಿದೆ, ಬಿಟ್ಟೆ. ವಕೀಲಿ ಓದೋಣವೆಂದು ಪುಸ್ತಕ ತರಿಸಿದೆ. ಅದಕ್ಕೆ ಬೇಕಾದ ಉರ್ದು ಕಲಿಯುವಷ್ಟರಲ್ಲಿ ಬೇಸತ್ತು ಅವನ್ನೂ ಕಟ್ಟಿಟ್ಟೆ. ಹೀಗಾಗಿ ಕಿಟಕಿಯಲ್ಲಿ ಕೂರುವುದಕ್ಕೆ ಬೇಕಾದಷ್ಟು ಹೊತ್ತಿತ್ತು. ಕಿಟಕಿಯಿಂದ ಎರಡು ನಾಯಿಗಳು ಕಾಣುತ್ತಿದ್ದವು.

ಒಂದು, ಎದುರು ಮನೆಯ ವಕೀಲರದು. ವರ್ಗವಾಗಿ ಹೋಗುತ್ತಿದ್ದ ರೈಲ್ವೆಯ ದೊರೆಯೊಬ್ಬ ಬಿಟ್ಟುಹೋದ, ಕಿವಿ ಜೋತಾಡುವ ಉದ್ದ ಕೂದಲಿನ ನಾಯಿ. ವಕೀಲರು ಅದಕ್ಕೆ ವಾರಕ್ಕೊಮ್ಮೆ ಬಿಸಿನೀರು ಕಾಯಿಸಿ ವಿಲಾಯತಿ ಸಾಬೂನು ಹಚ್ಚುತ್ತಿದ್ದರು. ಅವರ ಮನೆಯ ಮಕ್ಕಳು ಸೀಗೆಕಾಯಿಯಲ್ಲೇ ಬೆಳೆದವು. ಆ ನಾಯಿ ತಾನಾಗಿಯೇ ದೊಡ್ಡ ಹಿತ್ತಾಳೆ ಹಂಡೆಯೊಳಗೆ ಇಳಿದು, ಕಣ್ಣು ಮುಚ್ಚಿ, ಗದ್ದವನ್ನು ಹಂಡೆಯ ಅಂಚಿಗೆ ಇಟ್ಟು ಕೂರುತ್ತಿತ್ತು. ನೀರು ಹಾಕುವುದು ನಿಂತರೆ ಒಮ್ಮೆ ಬೊಗಳುತ್ತಿತ್ತು. ನೀರು ತಣ್ಣಗಾದರೆ ಒಂದು ಕಣ್ಣು ತೆರೆದು, ಹೇಳಿಕೆ ಬದಲಿಸಿದ ಸಾಕ್ಷಿಯನ್ನು ವಕೀಲರು ನೋಡುವ ಹಾಗೆ, ವಕೀಲರನ್ನೇ ನೋಡುತ್ತಿತ್ತು. ಸ್ನಾನವಾದ ಮೇಲೆ ಅದು ನೆಲಕ್ಕೆ ಕಾಲಿಡುತ್ತಿರಲಿಲ್ಲ. ವಕೀಲರು ಎತ್ತಿಕೊಂಡು ಹೋಗಿ ಮಂಚದ ಮೇಲೆ ಬಿಡಬೇಕು.

ಇನ್ನೊಂದು, ಟಾಂಗಾ ಹೊಡೆಯುವವನ ನಾಯಿ. ಅವನು ದಿನಾಲೂ ಕುದುರೆಯ ಮೈ ತೊಳೆದು ಕೊನೆಗೆ ಉಳಿದ ಬಕೆಟ್ಟು ನೀರನ್ನು ನಾಯಿಯ ಮೇಲೆ ಸುರಿಯುತ್ತಿದ್ದ. ಕುದುರೆಯ ಸ್ನಾನ ಶುರುವಾದಾಗಲೇ ನಾಯಿ ಟಾಂಗಾದ ಕೆಳಗೆ ಸೇರಿ ಅಳಲು ಆರಂಭಿಸುತ್ತಿತ್ತು. ಮೈಮೇಲೆ ನೀರು ಬಿದ್ದ ಕೂಡಲೇ ಅಳು ನಿಂತುಬಿಡುತ್ತಿತ್ತು. ಆಮೇಲೆ ಎದ್ದು, ಮೈ ಕೊಡವಿ, ನೇರವಾಗಿ ಕುದುರೆ ಲದ್ದಿಯ ಹತ್ತಿರ ಹೋಗಿ ಅದರಲ್ಲಿ ಬೆನ್ನು ತಿಕ್ಕಿಕೊಂಡು ಹೊರಳುತ್ತಿತ್ತು. ಆಗ ಅದರ ಮುಖದಲ್ಲಿ ಆದ ಅನ್ಯಾಯವೊಂದು ಸರಿಹೋದ ಸಮಾಧಾನ ಇರುತ್ತಿತ್ತು.

ಇವೆರಡನ್ನೂ ನೋಡಿ ನಾನೊಂದು ಸಿದ್ಧಾಂತ ಕಟ್ಟಿದೆ: ನಾಯಿ ನೀರಿಗೆ ಹೆದರುವುದಿಲ್ಲ, ತನ್ನ ವಾಸನೆ ಕಳೆದುಹೋಗುತ್ತದೆ ಎಂದು ಹೆದರುತ್ತದೆ, ದೊರೆಯ ನಾಯಿಗೆ ಸಾಬೂನಿನ ವಾಸನೆಯೇ ತನ್ನದಾಗಿರುವುದರಿಂದ ಅದಕ್ಕೆ ಭಯವಿಲ್ಲ. ಸಿದ್ಧಾಂತ ಈಗಲೂ ನನಗೆ ಇಷ್ಟ. ತೊಂದರೆಯೇನೆಂದರೆ, ಟಾಂಗಾದವನ ಹತ್ತಿರ ನಾಯಿಯೇ ಇರಲಿಲ್ಲ, ಅದೊಂದು ಆಡು ಎನ್ನುತ್ತಾಳೆ ನನ್ನ ಹೆಂಡತಿ. ಆಡು ಲದ್ದಿಯಲ್ಲಿ ಹೊರಳುವುದನ್ನು ನಾನು ಎಲ್ಲಿಯೂ ಕಂಡಿಲ್ಲ. ಆದರೆ ಆಕೆ ಹಾಗೆ ಹೇಳಿದಂದಿನಿಂದ ನನ್ನ ನೆನಪಿನ ಆ ನಾಯಿಗೆ ಸಣ್ಣ ಗಡ್ಡವೊಂದು ಬಂದು ಕೂತಿದೆ. ತೆಗೆಯಲು ಎಷ್ಟು ಪ್ರಯತ್ನಿಸಿದರೂ ಹೋಗುವುದಿಲ್ಲ.

ಕಮಲಾಪುರದ ಸಂಗತಿ ನಡೆದದ್ದು ನಮ್ಮ ಮದುವೆಯಾದ ಮೊದಲ ವರ್ಷ. ಹಬ್ಬಕ್ಕೆಂದು ಹೆಂಡತಿ ಮುಂಚೆಯೇ ತವರಿಗೆ ಹೋಗಿದ್ದಳು. ನನಗೆ ಕರೆ ಬಂತು. ಬಾಡಿಗೆಯ ದಮನಿ ಎತ್ತಿನಗಾಡಿಯಲ್ಲಿ ಕಲಬುರಗಿಯಿಂದ ಹೊರಟು, ಸೊಂಟ ಬೇರೆ ನಾನು ಬೇರೆ ಆಗಿ ಊರು ಸೇರಿದೆ. ಆಕೆಯ ತಾಯಿ ನನ್ನ ತಂದೆಯ ಅಕ್ಕ. ಹಾಗಾಗಿ ಎರಡು ದಾರಿಯಿಂದಲೂ ನನಗೆ ಅತ್ತೆ. ಮದುವೆಗೆ ಮೊದಲು ನನ್ನನ್ನು ‘ನೀ’ ಎನ್ನುತ್ತಿದ್ದರು. ಮದುವೆಯ ಮರುದಿನದಿಂದ ಅಳಿಯನೆಂದು ‘ನೀವು’ ಶುರುವಾಯಿತು. ಸಿಟ್ಟು ಬಂದಾಗ ಮಾತ್ರ ಹಳೆಯ ‘ನೀ’ ಹೊರಬೀಳುತ್ತಿತ್ತು. ಹೀಗಾಗಿ ಅವರ ಮನಸ್ಸು ತಿಳಿಯಲು ಮುಖ ನೋಡಬೇಕಾಗುತ್ತಿರಲಿಲ್ಲ.

ಮಾವ ಕಲಬುರಗಿಯ ಕಚೇರಿಯಲ್ಲಿ ಬಹಳ ವರ್ಷ ಕಾಗದಪತ್ರ ಮಂಡಿಸುವ ಪೇಶ್ಕಾರರಾಗಿದ್ದು, ನಿವೃತ್ತರಾಗಿ ಊರಿಗೆ ಬಂದು, ಆ ಊರಿಗೆ ಹೆಸರಾದ ಕೆಂಪು ಬಾಳೆಯ ತೋಟ ನೋಡಿಕೊಂಡಿದ್ದರು. ಕಚೇರಿ ಅವರನ್ನು ಬಿಟ್ಟಿತ್ತು, ಅವರು ಕಚೇರಿಯನ್ನು ಬಿಟ್ಟಿರಲಿಲ್ಲ. ಬೇಳೆಯಲ್ಲಿ ಉಪ್ಪಿಲ್ಲ ಎನ್ನುವುದನ್ನೂ ಅಹವಾಲು ಸಲ್ಲಿಸುವ ದನಿಯಲ್ಲಿ ಹೇಳುತ್ತಿದ್ದರು.

ನಮ್ಮ ಮನೆದೇವರು ಮೈಲಾರ. ಅರ್ಧ ಮರಾಠಿ ಆಡುವ ನಮ್ಮಂಥ ಮನೆಗಳಲ್ಲಿ ಖಂಡೋಬಾ ಎನ್ನುವುದೂ ಉಂಟು. ಅವನ ಜೊತೆಗೆ ಯಾವಾಗಲೂ ನಾಯಿ. ಮಾರ್ಗಶಿರ ಮಾಸದ ಮೊದಲ ಐದು ದಿನ ಅತ್ತೆ ಒಪ್ಪೊತ್ತು ಉಣ್ಣುತ್ತಿದ್ದರು. ಆರನೆಯ ದಿನವಾದ ಷಷ್ಠಿಯಂದು ಪೂಜೆ ಮುಗಿಯುವ ತನಕ ಏನೂ ಇಲ್ಲ. ಪೂಜೆ ಮುಗಿದ ಮೇಲೆ ಒಂದು ನಾಯಿಗೆ ಸ್ನಾನ ಮಾಡಿಸಿ, ಭಂಡಾರ ಹಚ್ಚಿ, ಅಂದರೆ ದೇವರ ಅರಿಶಿಣದ ಪುಡಿ ಹಚ್ಚಿ, ಸಜ್ಜೆ ರೊಟ್ಟಿ ಮತ್ತು ಸುಟ್ಟ ಬದನೆಕಾಯಿಯ ಭರ್ತದ ಎಡೆಯನ್ನು ಅದರ ಮುಂದಿಡಬೇಕು. ಅದು ಬಾಯಿ ಹಾಕಿದ ಮೇಲೆಯೇ ಮನೆಯವರ ಊಟ. ಬೇರೆ ಮನೆಗಳಲ್ಲಿ ಬೀದಿಯ ನಾಯಿಗೆ ಒಂದು ತುತ್ತು ಎಸೆದು ಮುಗಿಸುತ್ತಿದ್ದರು. ಅತ್ತೆಯ ಅತ್ತೆ ಸ್ನಾನವನ್ನೂ ಭಂಡಾರವನ್ನೂ ಸೇರಿಸಿ ಪದ್ಧತಿ ಮಾಡಿದ್ದರು. ಅದನ್ನು ಅತ್ತೆ ಒಂದು ವರ್ಷವೂ ತಪ್ಪಿಸಿರಲಿಲ್ಲ.

ತಪ್ಪಿಸುವ ಅಗತ್ಯವೂ ಬಂದಿರಲಿಲ್ಲ. ಮನೆಯಲ್ಲಿ ಒಂದು ಮುದಿ ಕರಿ ನಾಯಿ ಇತ್ತು. ಷಷ್ಠಿಯ ದಿನ ಅದು ತಾನೇ ಹಿತ್ತಲ ಕಲ್ಲಿನ ಮೇಲೆ ಬಂದು ನಿಲ್ಲುತ್ತಿತ್ತಂತೆ. ಭಂಡಾರ ಹಚ್ಚುವಾಗ ತಲೆ ತಗ್ಗಿಸುತ್ತಿತ್ತಂತೆ. ತಂಬಿಗೆಯನ್ನು ಬಾಯಲ್ಲಿ ಕಚ್ಚಿ ತರುತ್ತಿತ್ತು ಎಂದೂ ಮಾವ ಹೇಳುತ್ತಿದ್ದರು, ಆದರೆ ಅವರು ಆಡಳಿತದಲ್ಲಿ ಕಾಲ ಕಳೆದವರು. ಆ ನಾಯಿ ಆ ವರ್ಷದ ಶ್ರಾವಣದಲ್ಲಿ ಸತ್ತಿತ್ತು. ಅದೇ ಶ್ರಾವಣದಲ್ಲಿ ಅತ್ತೆಗೆ ಚಳಿಜ್ವರ ಬಂದು ಅವರು ಅರ್ಧ ಆಗಿದ್ದರು. ಹಕೀಮರು ಈ ವರ್ಷ ಉಪವಾಸ ಬೇಡವೇ ಬೇಡ ಎಂದಿದ್ದರು. ಅತ್ತೆ ಹಕೀಮರ ಔಷಧವನ್ನು ಕುಡಿದರು, ಮಾತನ್ನು ಬಿಟ್ಟರು.

ಷಷ್ಠಿಯ ಬೆಳಿಗ್ಗೆ ನಾನು ಎದ್ದಾಗ ಮಾವ ಒದ್ದೆ ಕೂದಲಲ್ಲಿ, ಮಡಿ ಧೋತರದಲ್ಲಿ, ಹಿತ್ತಲಿಗೂ ಪಡಸಾಲೆಗೂ ತಿರುಗುತ್ತಿದ್ದರು. ಅತ್ತೆ ಕಂಬಕ್ಕೆ ಒರಗಿ ಕೂತಿದ್ದರು. ಎದ್ದು ನಿಂತರೆ ಕೈ ಕಂಬ ಹುಡುಕುತ್ತಿತ್ತು. ಮಾವ ನನ್ನನ್ನು ಪಕ್ಕಕ್ಕೆ ಕರೆದು ದನಿ ಇಳಿಸಿದರು.

“ಮಧ್ಯಾಹ್ನದೊಳಗ ಆಕಿ ಹೊಟ್ಟಿಗೆ ಏನರೆ ಬೀಳಬೇಕು. ಇಲ್ಲಂದ್ರ ಮತ್ತ ಜ್ವರ ಬರತದ. ನಾಯಿ ಕೆಲಸ ಲಗೂ ಆಗಬೇಕ್ರೀ.”

ಮಾಡಿಸಿ ಎಂದೆ. ಮಾಡಿಸುವವರು ಯಾರು ಎಂಬುದೇ ತೊಡಕು ಎಂದರು. ಅವರು ಪೂಜೆಗೆ ಮಡಿಯಲ್ಲಿದ್ದಾರೆ, ನಾಯಿಯನ್ನು ಮುಟ್ಟುವ ಹಾಗಿಲ್ಲ. ಅತ್ತೆಯೂ ಮಡಿ, ಮಗಳೂ ಅಡಿಗೆಮನೆಯಲ್ಲಿ ಮಡಿ. ಭಂಡಾರ ಬಿದ್ದ ಮೇಲೆ ನಾಯಿ ದೇವರದು. ಅದಕ್ಕೂ ಮೊದಲು ನಾಯಿ ನಾಯಿಯೇ. ಹಾಗಾದರೆ ಅದು ಮೈಲಿಗೆಯಿಂದ ದೇವರಿಗೆ ದಾಟುವುದು ಯಾವ ತಂಬಿಗೆ ನೀರಿಗೆ ಎಂದು ನಾನು ಕೇಳಿದೆ. ತಿಳಿಯುವ ಕುತೂಹಲದಿಂದಲೇ ಕೇಳಿದ್ದು. ಮಾವ ದೂರದಿಂದಲೇ ಹಿತ್ತಲ ತಂಬಿಗೆಯ ಕಡೆ ಬೆರಳು ತೋರಿಸಿದರು.

“ಮದುವ್ಯಾಗ ನೀವ ಹೇಳೀರಲ್ಲ, ಮಡಿ ಮೈಲಿಗಿ ನಾ ನಂಬಂಗಿಲ್ಲ ಅಂತ. ಹಂಗಾದ್ರ ಈ ಮನ್ಯಾಗ ನಾಯಿ ಮುಟ್ಟಲಿಕ್ಕೆ ಲಾಯಕ್ ಆದವರು ನೀವೊಬ್ಬರ.”

ಮದುವೆಯಾದ ವರ್ಷ ಹಬ್ಬಕ್ಕೆ ಬಂದ ಅಳಿಯನನ್ನು ಜರಿಯ ಚಾದರದ ಮೇಲೆ ಕೂರಿಸಿ ತುಪ್ಪ ಬಡಿಸುತ್ತಾರೆಂದು ಕೇಳಿದ್ದೆ. ನನ್ನ ನಾಸ್ತಿಕತೆಗೆ ಮೊದಲ ಬಾರಿಗೆ ಒಂದು ಉದ್ಯೋಗ ಸಿಕ್ಕಿತು. ಧೋತರ ಎತ್ತಿಕಟ್ಟಿ ಹಿತ್ತಲಿಗೆ ಹೋದೆ.

ಮೊದಲು ಬಂದದ್ದು ಪಾಟೀಲರ ಮನೆಯ ಬೇಟೆನಾಯಿ. ಉದ್ದ ಕಾಲು, ಸಣ್ಣ ನಡು, ಪಕ್ಕೆಲುಬು ಎಣಿಸಬಹುದಾದ ಮೈ. ಅದನ್ನು ಹಿಡಿದು ತಂದ ಆಳು ಹಗ್ಗ ನನ್ನ ಕೈಗೆ ಕೊಟ್ಟು ದೂರ ನಿಂತ. ನಾನು ಸೀಗೆಕಾಯಿ ಕಲಸಿ, ತಂಬಿಗೆಯಿಂದ ಮೆಲ್ಲಗೆ ನೀರು ಬಿಟ್ಟೆ. ಅದು ಓಡಲಿಲ್ಲ, ಗುರುಗುಟ್ಟಲಿಲ್ಲ. ನಾಲ್ಕೂ ಕಾಲನ್ನು ಕಲ್ಲಿಗೆ ಮೊಳೆ ಹೊಡೆದ ಹಾಗೆ ಊರಿ, ಮೂಗಿನ ತುದಿಯಿಂದ ಬಾಲದ ತುದಿಯವರೆಗೆ ಒಂದೇ ಸಮನೆ ನಡುಗಿತು. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ತುಂಬಿದ ಸಭೆಯಲ್ಲಿ ಪಗಡಿ ತೆಗೆಸಿಕೊಂಡ ಹಿರಿಯರ ಹಾಗೆ ಗೋಡೆಯಾಚೆ ಎಲ್ಲೋ ನೋಡುತ್ತಿತ್ತು. ನಾನು ತಪ್ಪಾಯಿತು ಎಂದು ಅದಕ್ಕೆ ಹೇಳಿದ ನೆನಪು. ಒರೆಸುವಷ್ಟರಲ್ಲಿ ಪೂಜೆ ಮುಗಿದು ಅತ್ತೆ ಬಂದು ಭಂಡಾರ ಎರಚಿದರು. ಮೈ ಅಚ್ಚ ಹಳದಿಯಾಯಿತು. ಎಡೆ ಇಟ್ಟರು. ನಾಯಿ ಭರ್ತವನ್ನು ಮೂಸಿತು, ತಲೆ ಎತ್ತಿ ಅತ್ತೆಯನ್ನು ನೋಡಿತು, ಹೋಗಿ ಬಿಸಿಲಲ್ಲಿ ಮಲಗಿತು.

“ಅದು ಅಡಿವ್ಯಾಗ ಹಿಡಿದದ್ದು ಬಿಟ್ಟರ ಬ್ಯಾರೆ ಏನೂ ಮುಟ್ಟಂಗಿಲ್ರೀ,” ಎಂದ ಆಳು. “ಬದನಿಕಾಯಿ ತಿನ್ನಾಕ ಅದೇನ್ ಭಟ್ಟರ ನಾಯೇನ್ರೀ?”

ಮಾವ ಮಡಿಯಲ್ಲಿದ್ದುದರಿಂದ ಕಿವಿ ಮುಚ್ಚಿಕೊಂಡರು.

ಎರಡನೆಯದು ಊರ ಹೊರಗೆ ಕುರಿ ತಂಗಿಸಿದ್ದ ಕುರುಬನ ನಾಯಿ. ಅದು ಏನು ಕೊಟ್ಟರೂ ತಿನ್ನುತ್ತದೆ ಎಂಬ ಖಾತ್ರಿಯ ಮೇಲೆ ತರಿಸಿದ್ದು. ಕಂಬಳಿಯೊಂದು ಎದ್ದು ನಡೆದಂತಿತ್ತು. ಮೈತುಂಬ ಉತ್ತರಾಣಿಯ ಮುಳ್ಳು. ಕೂದಲು ಬಿಡಿಸದೆ ನೀರು ಒಳಗೆ ಇಳಿಯುವುದಿಲ್ಲ ಎಂದು ನಾನು ಹೇಳಿದೆ. ಅಡಿಗೆಮನೆಯ ಬಾಗಿಲಿನಿಂದ ಒಂದು ಕಟ್ಟಿಗೆಯ ಹಣಿಗೆ, ಅಂದರೆ ಬಾಚಣಿಗೆ, ಹೊರಗೆ ಬಂದು ಬಿತ್ತು. ಹಿರಿಯರ ಎದುರಿಗೆ ಹೊಸ ಹೆಂಡತಿ ಗಂಡನ ಜೊತೆ ಮಾತಾಡುವ ಹಾಗಿರಲಿಲ್ಲವಾದ್ದರಿಂದ ಆಕೆ ನಾಯಿಯನ್ನು ಉದ್ದೇಶಿಸಿ ಮಾತಾಡಿದಳು.

“ನಾಯೀ, ಆ ಹಣಿಗಿ ನಂದು. ಹಲ್ಲ ಮುರದ್ರ ನಾ ಸುಮ್ಮನ ಇರಂಗಿಲ್ಲ ಅಂತ ಹೇಳು.”

ಬಾಚುವುದು ಆ ನಾಯಿಗೆ ಬಹಳ ಹಿತವಾಯಿತು. ಬಾಚಿದ ಕಡೆಗೆಲ್ಲ ಮೈ ವಾಲಿಸಿತು, ಕತ್ತು ಚಾಚಿತು, ಕೆಳತುಟಿ ಇಳಿಬಿಟ್ಟು ತೂಕಡಿಸಿತು. ನನ್ನ ಸಿದ್ಧಾಂತಕ್ಕೆ ಒಂದು ಹೊಸ ಅಧ್ಯಾಯ ಸೇರಿಸಬೇಕು ಎಂದುಕೊಳ್ಳುತ್ತಿದ್ದೆ. ಹಣಿಗೆ ಬೆನ್ನ ಮೇಲಿನ ಗಂಟೊಂದರಲ್ಲಿ ಸಿಕ್ಕಿಕೊಂಡಿತು. ನೀರು ಹಾಕಿದರೆ ಸಡಿಲಾದೀತು ಎಂದು ಒಂದು ತಂಬಿಗೆ ಸುರಿದೆ. ಅಷ್ಟೇ. ಅದು ನನ್ನನ್ನು ಹಗ್ಗದ ಸಮೇತ ಕಲ್ಲಿನಿಂದ ಕೆಳಗೆ ಎಳೆದು, ಬಕೆಟ್ಟಿಗೆ ಒಮ್ಮೆ ಕಚ್ಚಿ, ಮಾವನ ಎರಡನೆಯ ಮಡಿ ಧೋತರ ಒಣಗಲು ಹಾಕಿದ್ದ ಗಳದ ಕೆಳಗೆ ಹಾದು, ಆ ಧೋತರವನ್ನು ಹೊದ್ದುಕೊಂಡು ಹಿತ್ತಲ ಬಾಗಿಲಿನಿಂದ ಹೊರಗೆ ಹೋಯಿತು. ಬೆನ್ನ ಮೇಲೆ ಹಣಿಗೆ ನಿಂತೇ ಇತ್ತು. ಧೋತರ ಮುಂದೆ ಒಂದು ಜಾಲಿಯ ಮುಳ್ಳಿನಲ್ಲಿ ಸಿಕ್ಕಿತು. ಹಣಿಗೆ ಸಿಗಲಿಲ್ಲ. ಕುರಿಮಂದೆ ಆ ಸಂಜೆಯೇ ಬೇರೆ ಊರಿನ ಹೊಲಕ್ಕೆ ಹೋಯಿತು.

ಹೊತ್ತು ನೆತ್ತಿಗೆ ಬಂದಿತ್ತು. ಅತ್ತೆ ಕಂಬದ ಬುಡದಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಒಂದು ಗುಟುಕು ಹಾಲಾದರೂ ಕುಡಿ ಎಂದು ಮಾವ ಹೇಳಿದರು. ಅತ್ತೆ ಕಣ್ಣು ತೆರೆಯದೆ, ಮೈಲಾರಲಿಂಗನಿಗಿಂತ ಮುಂಚೆ ಬಾಯಿಗೆ ತುತ್ತಿಡುವ ಪೈಕಿ ತಾನಲ್ಲ ಎಂದರು. ಮಾವ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಹಬ್ಬವೂ ಇರಲಿಲ್ಲ, ಪೇಶ್ಕಾರರೂ ಇರಲಿಲ್ಲ. ಹೆಂಡತಿ ಹಸಿವಿನಲ್ಲಿ ಕಂಬಕ್ಕೆ ಒರಗಿರುವುದನ್ನು ನೋಡುತ್ತಿದ್ದ ಮುದುಕರೊಬ್ಬರಷ್ಟೇ ಇದ್ದರು.

ಮೂರನೆಯ ನಾಯಿಯನ್ನು ನಾನೇ ಹೋಗಿ ತಂದೆ. ಪಕ್ಕದ ಓಣಿಯ ಎಣ್ಣೆಗಾಣದ ಕೆಳಗೆ ಅದು ಮಲಗಿರುತ್ತಿತ್ತು. ಗಾಣದ ಜಿಡ್ಡು, ಹಿಂಡಿ, ಧೂಳು ಎಲ್ಲ ಸೇರಿ ಮೈಯ ಮೇಲೊಂದು ಗಿಲಾವು ಕೂತಿತ್ತು. ಅದು ಬಿಳಿಯ ಹೆಣ್ಣು ನಾಯಿ ಎಂಬುದು ಊರಿನಲ್ಲಿ ಬಾಯಿಂದ ಬಾಯಿಗೆ ಬಂದ ಸಂಗತಿ, ನೋಡಿದವರು ಇರಲಿಲ್ಲ. ಒಂದು ಚೂರು ರೊಟ್ಟಿ ತೋರಿಸಿದೆ, ಬಾಲ ಅಲ್ಲಾಡಿಸುತ್ತ ಹಿಂದೆ ಬಂತು.

ಸೀಗೆಕಾಯಿ ಆ ಜಿಡ್ಡಿನ ಮೇಲೆ ಜಾರಿ ನೆಲಕ್ಕೆ ಬಿತ್ತು. ಬಾವಿಯ ಕಟ್ಟೆಯ ಮೇಲೆ ಅರಿವೆ ಒಗೆಯುವ ಸೋಡಾದ ಡಬ್ಬಿ ಇತ್ತು. ಅದನ್ನು ಹಾಕಬೇಕೆಂದು ಯಾರಿಗೆ ಹೊಳೆಯಿತು ಎಂಬುದರಲ್ಲಿ ನಮ್ಮ ಮನೆಯಲ್ಲಿ ಎರಡು ಪಂಥಗಳಿವೆ. ಅಡಿಗೆಮನೆಯಿಂದ ‘ನಾಯೀ, ಸೋಡಾ ಅದ ನೋಡು’ ಎಂಬ ದನಿ ಬಂತೆಂದು ನನ್ನ ನೆನಪು. ತಾನು ಆಗ ರೊಟ್ಟಿ ಬಡಿಯುತ್ತಿದ್ದೆ, ಬಡಿಯುವ ಸಪ್ಪಳದಲ್ಲಿ ಮಾತಾಡಿದರೂ ಕೇಳಿಸುತ್ತಿರಲಿಲ್ಲ ಎಂದು ಹೆಂಡತಿಯ ವಾದ. ಅಂತೂ ಸೋಡಾ ಬಿತ್ತು. ಜಿಡ್ಡು ಕರಗಿ ಹರಿಯಿತು. ಕೆಳಗಿನಿಂದ ನಿಜವಾಗಿಯೂ ಬಿಳಿ ನಾಯಿಯೊಂದು ಹೊರಬಂತು.

ಅಂಥ ನಾಯಿಯನ್ನು ನಾನು ಮತ್ತೆ ಕಾಣಲಿಲ್ಲ. ಹುಟ್ಟಿದಂದಿನಿಂದ ಅದರ ಮೈಗೆ ಕಲ್ಲು, ಕೋಲು ಬಿಟ್ಟು ಬೇರೇನೂ ತಾಕಿರಲಿಲ್ಲವೋ ಏನೋ. ಹೀರೇಕಾಯಿ ನಾರಿನಿಂದ ತಿಕ್ಕಿದ ಕೂಡಲೇ ಕಲ್ಲಿನ ಮೇಲೆ ಅಂಗಾತ ಬಿದ್ದುಕೊಂಡಿತು. ಒಂದು ಕಾಲು ಮುಗಿದ ಮೇಲೆ ಇನ್ನೊಂದನ್ನು ತಾನೇ ಎತ್ತಿಕೊಟ್ಟಿತು. ಕಿವಿಯ ಹಿಂದೆ ಉಜ್ಜಿದಾಗ ಮುದುಕಿಯರು ಕಾಲು ಒತ್ತಿಸಿಕೊಳ್ಳುವಾಗ ಮಾಡುವ ಸದ್ದು ಮಾಡಿತು. ನಾನು ದಣಿದು ನಿಲ್ಲಿಸಿದರೆ ಒದ್ದೆ ಪಂಜನ್ನು ನನ್ನ ಮುಂಗೈ ಮೇಲಿಟ್ಟು ಮುಖ ನೋಡಿತು. ಗಾಣದ ವಾಸನೆಯೊಂದೇ ಅದರ ಆಸ್ತಿ, ಅದನ್ನೂ ನಾನು ತೊಳೆದಿದ್ದೆ. ಅದಕ್ಕೆ ಒಂದಿಷ್ಟೂ ದುಃಖವಿರಲಿಲ್ಲ. ನನ್ನ ಸಿದ್ಧಾಂತ ಆ ಕಲ್ಲಿನ ಮೇಲೆಯೇ ಹರಿದುಹೋಯಿತು.

ಹೊತ್ತು ಮೀರುತ್ತಿತ್ತು ಎಂದು ಹೆಚ್ಚು ನೀರು ಹಾಕಿ ತೊಳೆಯಲಿಲ್ಲ. ಅತ್ತೆಯನ್ನು ಕರೆದೆವು. ಅವರು ಗೋಡೆ ಹಿಡಿದು ಬಂದರು, ಎಡೆಯ ತಟ್ಟೆಯನ್ನು ಕಲ್ಲಿನ ಪಕ್ಕಕ್ಕೆ ಇಡಿಸಿದರು, ಮುಷ್ಟಿ ತುಂಬ ಭಂಡಾರ ತೆಗೆದು ಏಳಕೋಟಿ ಏಳಕೋಟಿಗೋ ಎಂದು ಮೈಲಾರನನ್ನು ಕೂಗಿ ನಾಯಿಯ ಮೇಲೆ ಎರಚಿದರು.

ನಾಯಿ ಕೆಂಪಾಯಿತು.

ಒಮ್ಮೆಲೇ ಅಲ್ಲ. ಮೊದಲು ಹಳದಿಯಾಗಿ, ಒದ್ದೆ ಮುಟ್ಟಿದ ಹಾಗೆಲ್ಲ ಕಂದಿ, ಬೆನ್ನಿನಿಂದ ಹೊಟ್ಟೆಗೆ ರಕ್ತದ ಬಣ್ಣ ಇಳಿಯಿತು. ಅತ್ತೆಯ ಕೈಯಲ್ಲಿದ್ದ ಭಂಡಾರದ ಬಟ್ಟಲು ವಾಲಿತು. ಪಕ್ಕದ ಮನೆಯ ಲಿಂಗಾಯತರ ಅಜ್ಜ ಬೆಳಗಿನಿಂದ ಗೋಡೆಯ ಮೇಲೆ ಗದ್ದ ಊರಿ ತಮಾಷೆ ನೋಡುತ್ತಿದ್ದವರು ಮೊದಲು ಬಾಯಿಬಿಟ್ಟರು.

“ಇದು ನಮ್ಮೂರ ಮಣ್ಣಿನ ಗುಣ ನೋಡ್ರೀ ಪೇಶ್ಕಾರ್ರ. ಬಾಳಿಹಣ್ಣೂ ಕೆಂಪ, ನಾಯೂ ಕೆಂಪ.”

ಎಲ್ಲೋ ತಪ್ಪಾಗಿದೆ, ದೇವರು ರಕ್ತ ತೋರಿಸಿದ್ದಾನೆ, ಇಂಥ ನಾಯಿ ಬಾಯಿ ಹಾಕಿದರೆ ಎಡೆ ಸಂದ ಹಾಗಲ್ಲ ಎಂದರು ಅತ್ತೆ. ಮೆಲ್ಲಗೆ, ಸಿಟ್ಟಿಲ್ಲದೆ ಹೇಳಿದರು. ಇವತ್ತು ನಾನು ಉಣ್ಣುವುದಿಲ್ಲ ಎಂದೂ ಅದೇ ದನಿಯಲ್ಲಿ ಹೇಳಿದರು. ಮಾವನ ಮುಖ ಬಾಡಿತು.

ನನಗೋ ಜೀವ ಬಂದಿತ್ತು. ಪುಣೆಯಲ್ಲಿ ಕಲಿತದ್ದಕ್ಕೆ ಇಷ್ಟು ದಿನದ ಮೇಲೆ ಕೆಲಸ ಸಿಕ್ಕಿತ್ತು. ಇದು ರಕ್ತವಲ್ಲ, ಅರಿಶಿಣಕ್ಕೆ ಕ್ಷಾರ ತಾಕಿದರೆ ಕೆಂಪಾಗುತ್ತದೆ ಎಂದು ಹೇಳತೊಡಗಿದೆ. ಅತ್ತೆ ನನ್ನನ್ನು ಅರ್ಧಕ್ಕೇ ತಡೆದರು.

“ಅರಿಶಿಣಕ್ಕ ಸುಣ್ಣ ಕಲಿಸಿದ್ರ ಕೆಂಪ ಆಗತದಂತ ನನಗ ಹೇಳಲಿಕ್ಕೆ ಬರಬ್ಯಾಡ. ನಿನ್ನ ಮದುವಿ ಆರತಿ ಕಲಿಸಿದಾಕಿ ನಾನು. ನಾಯಿಗೆ ಸುಣ್ಣ ಯಾರು ಹಚ್ಚ್ಯಾರ?”

‘ನೀ’ ಬಂದಿತ್ತು. ಸುಣ್ಣವಲ್ಲ, ಸೋಡಾ, ಎರಡೂ ಒಂದೇ ಕುಲದವು ಎಂದೆ. ಸೋಡಾ ಅರಿವೆಯ ಕುಲ, ಸುಣ್ಣ ಎಲೆಅಡಿಕೆಯ ಕುಲ, ಅವೆರಡು ಒಂದೇ ಹೇಗಾಗುತ್ತವೆ ಎಂದರು. ನಾನು ಮಾತು ಬಿಟ್ಟು ಪ್ರಯೋಗಕ್ಕೆ ಇಳಿದೆ. ಅಂಗೈಗೆ ಸೋಡಾ ಹಚ್ಚಿ ಮೇಲೆ ಭಂಡಾರ ಉದುರಿಸಿ ತೋರಿಸಿದೆ. ಅಂಗೈ ಕೆಂಪಾಯಿತು. ಅತ್ತೆ ಅದನ್ನು ನೋಡಿ, ದೇವರಿಗೆ ನಿನ್ನ ಮೇಲೂ ಸಿಟ್ಟಿದೆ ಎಂದರು. ಗೋಡೆಗೆ ಹಚ್ಚಿ ತೋರಿಸಿದೆ, ಗೋಡೆ ಕೆಂಪಾಯಿತು. ಧೋತರದ ಸೆರಗಿಗೆ ಹಚ್ಚಿದೆ, ಅದೂ ಆಯಿತು. ನಾನು ರುಜುವಾತು ಕೊಟ್ಟಷ್ಟೂ ಹಿತ್ತಲು ಕೆಂಪಾಗುತ್ತ ಹೋಯಿತು. ಅಜ್ಜ ಗೋಡೆಯಿಂದ ಸ್ವಲ್ಪ ಹಿಂದೆ ಸರಿದು ನಿಂತರು. ನಾಯಿ ಮಾತ್ರ, ಉಜ್ಜುವುದು ಮತ್ತೆ ಯಾವಾಗ ಶುರುವಾಗುತ್ತದೆ ಎಂದು ನನ್ನ ಕೈಯನ್ನೇ ನೋಡುತ್ತ ಕೂತಿತ್ತು.

ಮಾವ ಕಚೇರಿಯ ದನಿಯಲ್ಲಿ ಕೇಳಿದರು: “ಕೆಂಪ ಆಗೂದಕ್ಕ ಸಬೂತ್ ಆತು ಅಳಿಯಂದಿರ. ಹೊಳ್ಳಿ ಹಳದಿ ಆಗೂದಕ್ಕ ಏನರೆ ಅದ ಏನು?”

ಇತ್ತು. ನಿಂಬೆಹಣ್ಣು. ಪೂಜೆಯ ತಾಟಿನಲ್ಲಿದ್ದ ನಿಂಬೆಹಣ್ಣುಗಳನ್ನು ಕೊಯ್ದು ತಂಬಿಗೆ ನೀರಿಗೆ ಹಿಂಡಿದೆ, ಉಳಿದ ಹೋಳುಗಳನ್ನು ನೇರವಾಗಿ ನಾಯಿಯ ಬೆನ್ನ ಮೇಲೆ ಹಿಂಡುತ್ತ ಹೋದೆ. ರಸ ಬಿದ್ದ ಕಡೆಯಲ್ಲಿ ಕೆಂಪು ಓಡಿಹೋಗಿ ಹಳದಿ ಮೂಡಿತು. ಎಲ್ಲರೂ ಬಗ್ಗಿ ನೋಡಿದರು. ಅತ್ತೆಯೂ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದರು. ನಾನು ತಂಬಿಗೆಯನ್ನು ಎತ್ತಿ ತಲೆಯಿಂದ ಬಾಲದವರೆಗೆ ಸುರಿದೆ.

ಅಷ್ಟೆಲ್ಲ ಸಹಿಸಿದ ನಾಯಿಗೆ ನಿಂಬೆ ಸೇರಲಿಲ್ಲ. ಅದು ಒಮ್ಮೆ ಸೀನಿ, ಕಿವಿಯಿಂದ ಬಾಲದ ತುದಿಯವರೆಗೆ ಮೈಯನ್ನು ಒದರಿತು. ಹತ್ತಿರ ಬಗ್ಗಿದ್ದ ಎಲ್ಲರ ಕಣ್ಣಿಗೂ ನಿಂಬೆರಸ ಹೊಕ್ಕಿತು. ಮಾವ ಕಣ್ಣು ಮುಚ್ಚಿಕೊಂಡು ನೀರು ನೀರು ಎಂದರು. ಅಜ್ಜ ಗೋಡೆಯಾಚೆ ಮಾಯವಾದರು. ನಾನು ಕೆಂಪು ಕೈಯಿಂದ ಕಣ್ಣುಜ್ಜಿ, ಸೋಡಾವನ್ನೂ ಸೇರಿಸಿಕೊಂಡು, ಬಾವಿಯ ಕಡೆ ತಡವರಿಸಿದೆ.

ಕಣ್ಣು ಬಿಟ್ಟು ನೋಡಿದಾಗ ತಟ್ಟೆ ನೆಕ್ಕಿದ ಹಾಗೆ ಖಾಲಿಯಾಗಿತ್ತು. ನಾಯಿ ಮೂತಿ ಒರೆಸಿಕೊಳ್ಳುತ್ತಿತ್ತು. ಅದರ ಬೆನ್ನು ಹಳದಿ, ಮುಖ ಇನ್ನೂ ಕೆಂಪು, ನಡುವೆ ಎರಡೂ ಅಲ್ಲದ ಒಂದು ಬಣ್ಣ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದ್ದು ಒಂದೇ ಮಾತು: ಬಾಯಿ ಹಾಕಿದಾಗ ಅದು ಯಾವ ಬಣ್ಣದಲ್ಲಿತ್ತು? ಭಂಡಾರದ ನಾಯಿ ಉಂಡಿದ್ದರೆ ಎಡೆ ಸಂದಿತು. ರಕ್ತದ ನಾಯಿ ಉಂಡಿದ್ದರೆ ಇಲ್ಲ. ನನಗೆ ಕಂಡಿರಲಿಲ್ಲ. ಮಾವನಿಗೂ ಕಂಡಿರಲಿಲ್ಲ. ಗವಾಹ, ಅಂದರೆ ಸಾಕ್ಷಿ, ಯಾರಾದರೂ ಇದ್ದಾರೆಯೇ ಎಂದು ಮಾವ ಸುತ್ತ ನೋಡಿದರು. ಅಡಿಗೆಮನೆಯ ಬಾಗಿಲಲ್ಲಿ, ಕೈಯಲ್ಲಿ ಹಿಟ್ಟು ಮೆತ್ತಿಕೊಂಡು, ನನ್ನ ಹೆಂಡತಿ ನಿಂತಿದ್ದಳು.

“ನಾ ನೋಡೀನಿ ಅವ್ವಾ,” ಎಂದಳು. “ಪೂರಾ ಹಳದಿ ಆಗಿತ್ತು. ಆಮ್ಯಾಲ ತಿಂತು.”

ಅತ್ತೆ ಮಗಳ ಮುಖವನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಸುಳ್ಳು ಹೇಳಿ ದಾಟಿಸುವ ಪೈಕಿ ನಾನಲ್ಲ ಎಂದು ಅವರಿಗೆ ಗೊತ್ತಿತ್ತು. ಮದುವೆಯ ಮಂತ್ರಗಳ ನಡುವೆ ಅರ್ಥ ಕೇಳಿ ಪುರೋಹಿತರನ್ನು ನಿಲ್ಲಿಸಿದವನು ನಾನು. ನಿನಗೇನು ಅನ್ನಿಸುತ್ತದೆ ಎಂದು ಕೇಳಿದರು. ನಾಯಿಯ ಮುಖದ ಕೆಂಪನ್ನು ನಾನು ಆಗಲೇ ನೋಡಿದ್ದೆ. ರಸ ಹರಡಲು ಹಿಡಿಯುವ ಹೊತ್ತು, ಹಸಿದ ನಾಯಿಗೆ ಒಂದು ತಟ್ಟೆ ಖಾಲಿ ಮಾಡಲು ಬೇಕಾದ ಹೊತ್ತು, ಎರಡನ್ನೂ ಮನಸ್ಸಿನಲ್ಲೇ ತೂಗುತ್ತಿದ್ದೆ. ಆಗಬಹುದು ಎಂದೆ.

“ಆಗಬಹುದು ಅಂದ್ರ ಹೌದೋ, ಅಲ್ಲೋ?”

ಅವರ ಕೈ ಮತ್ತೆ ಗೋಡೆಯನ್ನು ಹುಡುಕುತ್ತಿತ್ತು.

“ಹೌದು,” ಎಂದೆ.

ಅತ್ತೆ ಒಳಗೆ ಹೋಗಿ ಮಣೆಯ ಮೇಲೆ ಕೂತರು. ಮಗಳು ಬಡಿಸಿದಳು. ಮಾವ ಮಡಿಯನ್ನೂ ಮರೆತು ಬಾಗಿಲ ಹೊಸ್ತಿಲ ಮೇಲೆಯೇ ಕೂತು, ಮೊದಲ ತುತ್ತು ಇಳಿಯುವುದನ್ನು ನೋಡಿದರು. ಅತ್ತೆ ಅದನ್ನು ನುಂಗಿ, ಭರ್ತಕ್ಕೆ ಉಪ್ಪು ಹೆಚ್ಚಾಗಿದೆ ಎಂದು ಮಗಳಿಗೆ ಹೇಳಿ, ಎರಡನೆಯ ರೊಟ್ಟಿ ಕೇಳಿದರು. ಮಾವ ಎದ್ದು ಹಿತ್ತಲಿಗೆ ಬಂದು, ಉಳಿದಿದ್ದ ಕೆಂಪು ಬಾಳೆಹಣ್ಣೊಂದನ್ನು ಸುಲಿದು, ಮುಟ್ಟಬಾರದ ನಾಯಿಗೆ ಕೈಯಾರೆ ತಿನ್ನಿಸಿದರು. ನನಗೆ ಹೊಟ್ಟೆ ತುಂಬ ಊಟ ಸಿಕ್ಕಿತು, ತುಪ್ಪವೂ ಸಿಕ್ಕಿತು. ಆದರೆ ಚಾದರ ಹಾಸಲಿಲ್ಲ. ಬಣ್ಣ ಹತ್ತುತ್ತದೆ ಎಂದರು.

ಅತ್ತೆಗೆ ಆ ವರ್ಷ ಜ್ವರ ಮರುಕಳಿಸಲಿಲ್ಲ. ಮುಂದಿನ ವರ್ಷಗಳಲ್ಲೂ ಅವರು ಗಾಣದ ನಾಯಿಯನ್ನೇ ಕರೆಸಿದರು. ಸೀಗೆಕಾಯಿ ಮಾತ್ರ, ಜಿಡ್ಡು ಹೋಗಲಿ ಬಿಡಲಿ. ನನ್ನ ಕೆಲಸವೂ ಕಾಯಂ ಆಯಿತು. ನಾನು ಜೀವನದಲ್ಲಿ ಬಿಡದೆ ಮಾಡಿದ ಉದ್ಯೋಗ ಅದೊಂದೇ ಎಂದು ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ.

ಅತ್ತೆ ತೀರಿಕೊಂಡ ಮೇಲೆ ಒಮ್ಮೆ ಆ ಮನೆಗೆ ಹೋದಾಗ ನಾನು ಅಡಿಗೆಮನೆಯ ಬಾಗಿಲಲ್ಲಿ, ಆಕೆ ನಿಂತಿದ್ದ ಜಾಗದಲ್ಲಿ ನಿಂತು ಹಿತ್ತಲನ್ನು ನೋಡಿದೆ. ಸ್ನಾನದ ಕಲ್ಲು ಕಾಣಲಿಲ್ಲ. ತುಳಸಿಕಟ್ಟೆ ಅಡ್ಡವಿತ್ತು. ಸಿಕ್ಕಿಬಿದ್ದಳು ಎಂದು ಸಂತೋಷದಿಂದ ಬಂದು ಹೇಳಿದೆ. ಆ ಕಟ್ಟೆ ಕಟ್ಟಿಸಿದ್ದು ಅದೆಷ್ಟೋ ವರ್ಷ ಆದ ಮೇಲೆ ಎಂದಳು. ನನಗೆ ಮದುವೆಯ ವರ್ಷವೇ ಆ ಕಟ್ಟೆಯ ಸುತ್ತ ಪ್ರದಕ್ಷಿಣೆ ಹಾಕಿದ ನೆನಪಿದೆ. ಆದರೆ ಟಾಂಗಾದವನ ನಾಯಿಗೆ ಗಡ್ಡ ಇದ್ದ ನೆನಪೂ ನನಗಿದೆ.

ಈ ವರ್ಷವೂ ಬದನೆಕಾಯಿ ಸುಟ್ಟಾಯಿತು. ಈಗ ಕೇಳುವವರು ಯಾರೂ ಇಲ್ಲ, ನಿಜ ಹೇಳು, ನೀನು ನೋಡಿದ್ದೆಯಾ ಎಂದು ಕೇಳಿದೆ. ಆಕೆ ಬದನೆಕಾಯಿಯ ಸಿಪ್ಪೆ ತೆಗೆಯುತ್ತಿದ್ದಳು, ತಲೆ ಎತ್ತಲಿಲ್ಲ.

“ಅವ್ವ ಉಂಡಳಲ್ಲ,” ಎಂದಳು.

ಅದು ನನ್ನ ಪ್ರಶ್ನೆಗೆ ಉತ್ತರವಲ್ಲ ಎಂದೆ.

“ನನ್ನ ಹಣಿಗಿ ತಂದುಕೊಡ್ರಿ. ಹೇಳತೀನಿ.”

ಕರಿ ಕಟ್ಟಿಗೆಯ ಆ ಹಣಿಗೆಯಂಥದ್ದೇ ಒಂದನ್ನು ಬಜಾರದಲ್ಲಿ ಹುಡುಕಿ ತರುತ್ತೇನೆ ಎಂದೆ. ಕರಿಯದಲ್ಲ, ಅದು ಚಂದನದ ಬಣ್ಣದ್ದು ಎಂದಳು.